ಗತಿಯನ್ನು ಕಾಯುವ ಚಕ್ರ

ಕಲಬುರಗಿ ಜಿಲ್ಲೆಯ ಕೊಡ್ಲಿ, ಸೇಡಂ, ಚಿಂಚೋಳಿ, ಚಿತ್ತಾಪುರಗಳ ಸುತ್ತಿನ ಹಳೆಯ ಮನೆಗಳಲ್ಲಿ ಇಂದಿಗೂ ಒಂದು ಮೂಲೆಯಲ್ಲಿ ಬೀಸುಕಲ್ಲನ್ನು ಕಾಣಬಹುದು. ಹಿಟ್ಟಿನ ಗಿರಣಿಗಳು ಬರುವುದಕ್ಕೆ ಮುನ್ನ ಜೋಳವನ್ನು ಬೀಸುವುದಕ್ಕೂ ತೊಗರಿಯನ್ನು ಒಡೆದು ಬೇಳೆ ಮಾಡುವುದಕ್ಕೂ ಇದೇ ಸಾಧನವಾಗಿತ್ತು. ನಸುಕಿನಲ್ಲಿ ಹಾಡು ಹೇಳುತ್ತ ಬೀಸುತ್ತಿದ್ದ ಹೆಣ್ಣುಮಕ್ಕಳಿಗೆ ಈ ಕಲ್ಲಿನ ಒಂದು ಗುಣ ಚೆನ್ನಾಗಿ ತಿಳಿದಿತ್ತು. ನಿಂತಿರುವ ಕಲ್ಲನ್ನು ತಿರುಗಿಸಲು ಮೊದಲು ಬಲವಾಗಿ ಎಳೆಯಬೇಕು. ಒಮ್ಮೆ ತಿರುಗತೊಡಗಿದ ಮೇಲೆ ಸುತ್ತಿಗೊಮ್ಮೆ ಕೈ ತಾಗಿಸಿದರೆ ಸಾಕು. ಗೂಟದಿಂದ ಕೈ ತೆಗೆದರೂ ಕಲ್ಲು ಒಡನೆಯೇ ನಿಲ್ಲುವುದಿಲ್ಲ. ಇನ್ನೂ ತುಸು ದೂರ ತಾನಾಗಿಯೇ ತಿರುಗಿ, ಮೆಲ್ಲನೆ ನಿಲ್ಲುತ್ತದೆ.

ಕುಂಬಾರನ ತಿಗರಿಯೂ ಇದೇ ಗುಣವನ್ನು ನಂಬಿಕೊಂಡಿದೆ. ಕುಂಬಾರನು ಕೋಲಿನಿಂದ ಭಾರವಾದ ತಿಗರಿಯನ್ನು ರಭಸವಾಗಿ ತಿರುಗಿಸಿ, ಕೋಲನ್ನು ಬದಿಗಿಡುತ್ತಾನೆ. ಆ ಬಳಿಕ ಅವನ ಎರಡೂ ಕೈಗಳು ಮಣ್ಣಿನ ಮುದ್ದೆಯ ಮೇಲೆಯೇ ಇರುತ್ತವೆ. ಆದರೂ ಗಡಿಗೆಯೊಂದು ರೂಪುಗೊಳ್ಳುವವರೆಗೂ ತಿಗರಿ ತಿರುಗುತ್ತಲೇ ಇರುತ್ತದೆ. ಕೈ ಕೊಟ್ಟ ಶಕ್ತಿಯನ್ನು ಅದು ತನ್ನಲ್ಲಿ ಕೂಡಿಟ್ಟುಕೊಂಡು, ಕೈ ಬಿಟ್ಟ ಮೇಲೆ ಹಿಂದಿರುಗಿಸುತ್ತದೆ.

ಇಂದಿನ ಮೋಟಾರು ವಾಹನಗಳ ಇಂಜಿನ್ನಿನಲ್ಲಿ ಈ ತಿಗರಿಯ ಕೆಲಸವನ್ನೇ ಮಾಡುವ ಒಂದು ಭಾರವಾದ ಚಕ್ರವಿದೆ. ಅದನ್ನು ಫ್ಲೈವೀಲ್ ಎಂದು ಕರೆಯುತ್ತಾರೆ. ಅದು ಏಕೆ ಬೇಕು, ಅದನ್ನು ಇಂಜಿನ್ನಿನಿಂದ ಬಿಚ್ಚುವುದು ಹೇಗೆ, ಬಿಚ್ಚುವಾಗ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅರಿತುಕೊಳ್ಳುವುದು ಯಂತ್ರಗಳೊಡನೆ ಬಾಳುವ ಎಲ್ಲರಿಗೂ ಉಪಯುಕ್ತ.

ಜಡವಸ್ತುವಿಗೆ ತನ್ನ ಸ್ಥಿತಿಯನ್ನು ತಾನಾಗಿ ಬದಲಿಸಿಕೊಳ್ಳುವ ಸಾಮರ್ಥ್ಯವಿಲ್ಲ. ನಿಂತಿರುವ ವಸ್ತು ನಿಂತೇ ಇರುತ್ತದೆ. ಚಲಿಸುವ ವಸ್ತು, ಹೊರಗಿನ ಬಲವೊಂದು ತಡೆಯುವವರೆಗೆ, ಅದೇ ವೇಗದಲ್ಲಿ ಅದೇ ದಿಕ್ಕಿನಲ್ಲಿ ಚಲಿಸುತ್ತಲೇ ಇರುತ್ತದೆ. ಈ ಗುಣಕ್ಕೆ ಜಡತ್ವವೆಂದು ಹೆಸರು. ಐಸಾಕ್ ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಚಲನೆಯ ಮೊದಲನೆಯ ನಿಯಮವಾಗಿ ನಿರೂಪಿಸಿದನು. ತಿರುಗುವ ವಸ್ತುಗಳಿಗೂ ಜಡತ್ವವುಂಟು. ಆದರೆ ಅಲ್ಲಿ ವಸ್ತುವಿನ ತೂಕವೊಂದೇ ಮುಖ್ಯವಲ್ಲ. ಆ ತೂಕವು ನಡುವಿನ ಅಚ್ಚಿನಿಂದ ಎಷ್ಟು ದೂರದಲ್ಲಿದೆ ಎಂಬುದೂ ಮುಖ್ಯ. ಒಂದೇ ತೂಕದ ಎರಡು ಚಕ್ರಗಳಲ್ಲಿ, ಭಾರವೆಲ್ಲ ಅಂಚಿನಲ್ಲಿರುವ ಚಕ್ರವನ್ನು ತಿರುಗಿಸುವುದು ಕಷ್ಟ, ತಿರುಗಿದ ಮೇಲೆ ನಿಲ್ಲಿಸುವುದೂ ಕಷ್ಟ. ಆದುದರಿಂದಲೇ ಫ್ಲೈವೀಲಿನ ಅಂಚು ಸಾಮಾನ್ಯವಾಗಿ ದಪ್ಪನಾಗಿರುತ್ತದೆ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. 20 ಕಿಲೋಗ್ರಾಂ ತೂಕದ ಒಂದು ಚಕ್ರವಿದೆ; ಅದರ ಭಾರವೆಲ್ಲ ಅಚ್ಚಿನಿಂದ 25 ಸೆಂಟಿಮೀಟರ್ ದೂರದ ಅಂಚಿನಲ್ಲಿದೆ ಎಂದು ಭಾವಿಸೋಣ. ಅದು ನಿಮಿಷಕ್ಕೆ 650 ಸುತ್ತು ತಿರುಗಿದರೆ, ಅದರ ಅಂಚು ಸೆಕೆಂಡಿಗೆ ಸುಮಾರು 17 ಮೀಟರಿನಂತೆ, ಎಂದರೆ ಗಂಟೆಗೆ 61 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರಲ್ಲಿ ಕೂಡಿರುವ ಚಲನಶಕ್ತಿ ಸುಮಾರು 2,900 ಜೂಲ್. ಅದೇ ಚಕ್ರವನ್ನು ನೆಲದಿಂದ 15 ಮೀಟರ್ ಎತ್ತರಕ್ಕೆ ಎತ್ತಲು ಹೆಚ್ಚುಕಡಿಮೆ ಇಷ್ಟೇ ಶಕ್ತಿ ಬೇಕು. ವೇಗವನ್ನು ಇಮ್ಮಡಿಗೊಳಿಸಿದರೆ ಕೂಡಿಟ್ಟ ಶಕ್ತಿಯು ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ. ಸದ್ದಿಲ್ಲದೆ ನುಣ್ಣಗೆ ತಿರುಗುತ್ತಿರುವ ಚಕ್ರವನ್ನು ಕಂಡು ಇದು ನಿರುಪದ್ರವಿ ಎಂದು ಬಗೆದು ಕೈಯಿಂದಲೋ ಕಾಲಿನಿಂದಲೋ ನಿಲ್ಲಿಸಲು ಹೋಗುವುದು ಎಂತಹ ಅಪಾಯಕಾರಿ ಸಾಹಸವೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಇಂಜಿನ್ನಿಗೆ ಇಂತಹ ಚಕ್ರ ಏತಕ್ಕೆ ಬೇಕು? ಇಂಜಿನ್ನಿನೊಳಗೆ ಸಿಲಿಂಡರ್ ಎಂಬ ಕೊಳವೆಯಿದೆ. ಅದರಲ್ಲಿ ಪಿಸ್ಟನ್ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಪಿಸ್ಟನ್ನಿನ ಈ ಓಡಾಟವನ್ನು ಕ್ರ್ಯಾಂಕ್ ಎಂಬ ಬಾಗಿದ ದಂಡವು ತಿರುಗುವ ಚಲನೆಯಾಗಿ ಮಾರ್ಪಡಿಸುತ್ತದೆ. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ಎಂಬವನು ರೂಪಿಸಿದ ನಾಲ್ಕು ಹೊಡೆತಗಳ ಇಂಜಿನ್ನಿನಲ್ಲಿ, ಮೊದಲನೆಯ ಹೊಡೆತದಲ್ಲಿ ಇಂಧನ ಮತ್ತು ಗಾಳಿ ಒಳಬರುತ್ತವೆ. ಎರಡನೆಯದರಲ್ಲಿ ಅವು ಅದುಮಲ್ಪಡುತ್ತವೆ. ಮೂರನೆಯದರಲ್ಲಿ ಹೊತ್ತಿ ಉರಿದು ಪಿಸ್ಟನ್ನನ್ನು ನೂಕುತ್ತವೆ. ನಾಲ್ಕನೆಯದರಲ್ಲಿ ಹೊಗೆ ಹೊರಹೋಗುತ್ತದೆ. ನಾಲ್ಕು ಹೊಡೆತಗಳಲ್ಲಿ ಶಕ್ತಿ ದೊರೆಯುವುದು ಒಂದರಲ್ಲಿ ಮಾತ್ರ. ಉಳಿದ ಮೂರೂ ಶಕ್ತಿಯನ್ನು ಬೇಡುವಂಥವು. ರುಡಾಲ್ಫ್ ಡೀಸೆಲ್ಲನು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಇಂಜಿನ್ನೂ ನಾಲ್ಕು ಹೊಡೆತಗಳದೇ ಆಗಿತ್ತು. ಒಂದೇ ಸಿಲಿಂಡರಿನ ಅಂತಹ ಡೀಸೆಲ್ ಇಂಜಿನ್ ನಿಮಿಷಕ್ಕೆ 650 ಸುತ್ತು ತಿರುಗಿದರೆ, ಅದರಲ್ಲಿ ಇಂಧನ ಉರಿಯುವುದು 325 ಸಲ ಮಾತ್ರ. ಎಂದರೆ ಎರಡು ಸುತ್ತಿಗೆ ಒಮ್ಮೆ.

ಹಾಗಾದರೆ ಉಳಿದ ಮೂರು ಹೊಡೆತಗಳನ್ನು ನಡೆಸುವವರಾರು? ಫ್ಲೈವೀಲ್. ಈ ಪ್ರದೇಶವನ್ನು ತೊಗರಿಯ ಕಣಜವೆಂದು ಕರೆಯುವುದುಂಟು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಮಳೆಯಾಶ್ರಿತ ನೆಲದಲ್ಲಿ ಸುಗ್ಗಿ ಬರುವುದು ವರ್ಷಕ್ಕೊಮ್ಮೆ. ಆದರೆ ಹೊಟ್ಟೆ ಹಸಿಯುವುದು ದಿನವೂ. ಸುಗ್ಗಿಯಲ್ಲಿ ಬಂದುದನ್ನು ರೈತನು ಕಣಜದಲ್ಲಿ ತುಂಬಿಟ್ಟು ವರ್ಷವಿಡೀ ಬಳಸುವಂತೆ, ಉರಿಯುವ ಹೊಡೆತದಲ್ಲಿ ಬಂದ ಶಕ್ತಿಯನ್ನು ಫ್ಲೈವೀಲ್ ತುಂಬಿಕೊಂಡು ಉಳಿದ ಹೊಡೆತಗಳಿಗೆ ಹಂಚುತ್ತದೆ. ಇದಿಲ್ಲದಿದ್ದರೆ ಇಂಜಿನ್ ಒಂದು ಸಲ ಕುಪ್ಪಳಿಸಿ ನಿಂತುಬಿಡುತ್ತಿತ್ತು. ಉಗಿಯಂತ್ರದ ಕಾಲದಲ್ಲಿಯೂ ಇದೇ ತೊಡಕಿತ್ತು. 1780ರ ದಶಕದಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರದಿಂದ ಗಿರಣಿಗಳ ಗಾಲಿಗಳನ್ನು ತಿರುಗಿಸಲು ಹೊರಟಾಗ, ಬೃಹದಾಕಾರದ ಫ್ಲೈವೀಲನ್ನು ಅದಕ್ಕೆ ಜೋಡಿಸಿ ಗತಿಯನ್ನು ಸಮಗೊಳಿಸಿದನು.

ಶಹಾಬಾದ್, ವಾಡಿ, ಸೇಡಂಗಳ ಸುತ್ತಿನ ನೆಲದಡಿಯಲ್ಲಿರುವುದು ಸುಣ್ಣಕಲ್ಲು. ಅದರ ಚಪ್ಪಡಿಗಳೇ ನಾಡಿನಾದ್ಯಂತ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು. ಅದೇ ಸಿಮೆಂಟ್ ಕಾರ್ಖಾನೆಗಳಿಗೆ ಕಚ್ಚಾವಸ್ತು. ಕಲ್ಲನ್ನು ಜಜ್ಜುವ ದವಡೆಯಂತಹ ಕ್ರಷರ್ ಯಂತ್ರದ ಎರಡು ಬದಿಗಳಲ್ಲಿಯೂ ಆಳೆತ್ತರದ ಗಾಲಿಗಳು ತಿರುಗುತ್ತಿರುವುದನ್ನು ಕಾಣಬಹುದು. ಅವೂ ಫ್ಲೈವೀಲುಗಳೇ. ದವಡೆಯು ಮುಚ್ಚಿಕೊಳ್ಳುವಾಗ ಮಾತ್ರ ಕಲ್ಲು ಒಡೆಯುತ್ತದೆ, ತೆರೆದುಕೊಳ್ಳುವಾಗ ಕೆಲಸವಿಲ್ಲ. ಆ ಬಿಡುವಿನಲ್ಲಿ ಚಕ್ರವು ಶಕ್ತಿಯನ್ನು ಸಂಗ್ರಹಿಸಿ, ಮುಂದಿನ ಕಡಿತಕ್ಕೆ ಒದಗಿಸುತ್ತದೆ.

ರೈತರ ಬಾಳಿನಲ್ಲಿ ಫ್ಲೈವೀಲ್ ಮೊದಲು ಕಾಣಿಸಿಕೊಂಡುದು ಬಾವಿಯ ದಂಡೆಯ ಎಣ್ಣೆ ಇಂಜಿನ್ನಿನ ರೂಪದಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯೊಂದನ್ನು ತೆರೆದು ಉದ್ಯಮಕ್ಕಿಳಿದರು. ಮುಂದೆ ಕಬ್ಬಿಣದ ನೇಗಿಲುಗಳನ್ನು ತಯಾರಿಸಿದರು. 1910ರಲ್ಲಿ ಕಿರ್ಲೋಸ್ಕರ್‌ವಾಡಿಯಲ್ಲಿ ಕಾರ್ಖಾನೆಯನ್ನು ನೆಲೆಗೊಳಿಸಿದರು. ಅದೇ ಮನೆತನದವರು 1946ರಲ್ಲಿ ಪುಣೆಯಲ್ಲಿ ಎಣ್ಣೆ ಇಂಜಿನ್ನುಗಳ ಸಂಸ್ಥೆಯನ್ನು ಸ್ಥಾಪಿಸಿದರು. ವಿದ್ಯುತ್ತು ತಲುಪದ ಹೊಲಗಳಲ್ಲಿ ಇಂತಹ ಇಂಜಿನ್ನುಗಳು ನೀರೆತ್ತಿದವು. ಎತ್ತುಗಳ ಬದಲು ಯಂತ್ರವು ಮನೆಯಂಗಳಕ್ಕೆ ಬಂದಾಗ, ಯಂತ್ರವನ್ನು ಬಿಚ್ಚಿ ಜೋಡಿಸುವ ಅಗತ್ಯವೂ ಅದರ ಹಿಂದೆಯೇ ಬಂದಿತು.

ವಾಹನಗಳಲ್ಲಿ, ಮನೆಯಂಗಳದಲ್ಲಿಯೇ ಫ್ಲೈವೀಲನ್ನು ಬಿಚ್ಚಲು ಅನುವಾಗಿರುವುದು ಹಳೆಯ ಬಗೆಯ ಸ್ಕೂಟರ್. ರಾಣಾ ಪ್ರತಾಪನ ಕುದುರೆಯ ಹೆಸರನ್ನು ಹೊತ್ತು 1972ರಲ್ಲಿ ಮಾರುಕಟ್ಟೆಗೆ ಬಂದ ಬಜಾಜ್ ಚೇತಕ್ ಇದಕ್ಕೆ ನಿದರ್ಶನ. ಪೆಟ್ರೋಲಿನಿಂದ ಓಡುವ ಚೇತಕ್ ಈಗ ತಯಾರಾಗುವುದಿಲ್ಲ; ಆದರೂ ಅಜ್ಜನ ಕಾಲದ ಸ್ಕೂಟರನ್ನು ಜತನದಿಂದ ಉಳಿಸಿಕೊಂಡ ಮನೆಗಳುಂಟು. ಇದರ ಇಂಜಿನ್ ಎರಡು ಹೊಡೆತಗಳದು. ಪ್ರತಿ ಸುತ್ತಿಗೊಮ್ಮೆ ಇಂಧನ ಉರಿಯುತ್ತದೆ. ಇದರ ಫ್ಲೈವೀಲ್ ಒಂದಲ್ಲ, ಮೂರು ಕೆಲಸಗಳನ್ನು ನಿರ್ವಹಿಸುತ್ತದೆ. ಮೊದಲನೆಯದಾಗಿ, ಗತಿಯನ್ನು ಕಾಯುತ್ತದೆ. ಎರಡನೆಯದಾಗಿ, ಅದರ ಮುಖದ ಮೇಲಿನ ರೆಕ್ಕೆಗಳು ಬೀಸಣಿಗೆಯಂತೆ ಗಾಳಿಯನ್ನು ಸಿಲಿಂಡರಿನತ್ತ ನೂಕಿ ಇಂಜಿನ್ನನ್ನು ತಂಪಾಗಿಡುತ್ತವೆ. ಮೂರನೆಯದಾಗಿ, ಅದರ ಒಳಮೈಯಲ್ಲಿ ಆಯಸ್ಕಾಂತಗಳಿವೆ. ಅವು ತಂತಿಯ ಸುರುಳಿಗಳ ಸುತ್ತ ತಿರುಗುವಾಗ ವಿದ್ಯುತ್ತು ಹುಟ್ಟಿ, ಸ್ಪಾರ್ಕ್ ಪ್ಲಗ್ಗಿನ ಕಿಡಿಗೂ ದೀಪಕ್ಕೂ ಒದಗುತ್ತದೆ.

ಕೊಡ್ಲಿಯಂತಹ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮೃಗಶಿರ ಮಳೆ ಬಿದ್ದು ನೆಲ ಹದಕ್ಕೆ ಬಂದಿದೆ. ತೊಗರಿಯ ಬೀಜ ತರಲು ಪಟ್ಟಣಕ್ಕೆ ಹೋಗಬೇಕು. ಸ್ಕೂಟರನ್ನು ಎಷ್ಟು ಒದ್ದರೂ ಅದು ಹೊತ್ತಿಕೊಳ್ಳದು. ಪ್ಲಗ್ಗನ್ನು ಬಿಚ್ಚಿ ನೋಡಿದರೆ ಕಿಡಿಯೇ ಇಲ್ಲ. ಕಿಡಿಯನ್ನು ಹುಟ್ಟಿಸುವ ಸುರುಳಿಗಳೂ, ಹಳೆಯ ಮಾದರಿಗಳಲ್ಲಿ ಕಿಡಿಯ ಸಮಯವನ್ನು ನಿರ್ಧರಿಸುವ ಪಾಯಿಂಟುಗಳೂ ಇರುವುದು ಫ್ಲೈವೀಲಿನ ಮರೆಯಲ್ಲಿ. ಹದ ಕಳೆದ ಮೇಲೆ ಬಿತ್ತಿದರೆ ಬೆಳೆ ಬಾರದು. ಆತುರಗೊಂಡ ಮನೆಯ ಮಗನು ಸುತ್ತಿಗೆಯನ್ನೆತ್ತಿ ಚಕ್ರಕ್ಕೆ ಹೊಡೆಯಲು ಹೊರಟಾಗ, ಇಂಜಿನ್ನಿನ ಕೆಲಸ ಬಲ್ಲ ನೆರೆಮನೆಯ ಹಿರಿಯನು ಅವನ ಕೈಯನ್ನು ತಡೆದು, "ತಮ್ಮಾ, ಬಡೀಬ್ಯಾಡ. ಅದು ಸಿಟ್ಟಿಗಿ ಬರಂಗಿಲ್ಲ, ತಿಳುವಳಿಕಿಗಿ ಬರ್ತದ" ಎನ್ನುತ್ತಾನೆ. ಆ ಮಾತಿನಲ್ಲಿ ಈ ಕೆಲಸದ ರಹಸ್ಯವೆಲ್ಲ ಅಡಗಿದೆ.

ಸುತ್ತಿಗೆಯೇಕೆ ಸಲ್ಲದು? ಚಕ್ರದ ರೆಕ್ಕೆಗಳು ಹಗುರ ಲೋಹದವು. ಒಂದು ಪೆಟ್ಟಿಗೆ ಮುರಿಯುತ್ತವೆ. ಒಂದು ರೆಕ್ಕೆ ಮುರಿದರೂ ಚಕ್ರದ ಸಮತೋಲ ಕೆಟ್ಟು ಇಂಜಿನ್ ನಡುಗತೊಡಗುತ್ತದೆ. ಮೇಲಾಗಿ ಇಂತಹ ಇಂಜಿನ್ನುಗಳ ಕ್ರ್ಯಾಂಕ್ ದಂಡವು ಒಂದೇ ಎರಕದ್ದಲ್ಲ. ಬಿಡಿ ಭಾಗಗಳನ್ನು ಭಾರೀ ಒತ್ತಡದಿಂದ ಒಂದರೊಳಗೊಂದು ಕೂರಿಸಿ ಮಾಡಿದ್ದು. ಬದಿಯಿಂದ ಬಿದ್ದ ಪೆಟ್ಟು ಅದರ ನೇರವನ್ನು ಕೆಡಿಸಬಲ್ಲದು. ಬಲವಾದ ಪೆಟ್ಟಿನಿಂದ ಆಯಸ್ಕಾಂತಗಳ ಶಕ್ತಿಯೂ ಕುಂದಬಹುದು, ಅವು ಸೀಳಲೂಬಹುದು. ಕಡಿಮೆ ಖರ್ಚಿನಲ್ಲಿ ಮುಗಿಯಬಹುದಾಗಿದ್ದ ದುರಸ್ತಿಯು ಆಗ ಇಡೀ ಇಂಜಿನ್ನನ್ನೇ ಬಿಚ್ಚುವ ದುಬಾರಿ ಕೆಲಸವಾಗಿ ಪರಿಣಮಿಸುತ್ತದೆ.

ಹಾಗಾದರೆ ಕ್ರಮವಾವುದು? ಮೊದಲು ಇಂಜಿನ್ ಪೂರ್ಣವಾಗಿ ತಣ್ಣಗಾಗಿರಬೇಕು. ಸ್ಕೂಟರನ್ನು ಸಮತಟ್ಟಾದ ಕಲ್ಲುಹಾಸಿನ ಮೇಲೆ ಸ್ಟ್ಯಾಂಡ್ ಹಾಕಿ ಅಲುಗಾಡದಂತೆ ನಿಲ್ಲಿಸಬೇಕು. ಪೆಟ್ರೋಲಿನ ನಲ್ಲಿಯನ್ನು ಮುಚ್ಚಬೇಕು. ಒಲೆ, ದೀಪ, ಬೀಡಿಗಳ ಬೆಂಕಿ ಹತ್ತಿರ ಸುಳಿಯಕೂಡದು. ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿ, ಪ್ಲಗ್ಗನ್ನೂ ಬಿಚ್ಚಿಡಬೇಕು. ಇದರಿಂದ ಅಕಸ್ಮಾತ್ತಾಗಿ ಇಂಜಿನ್ ಹೊತ್ತಿಕೊಳ್ಳುವ ಭಯವಿಲ್ಲ. ಸಿಲಿಂಡರಿನಲ್ಲಿ ಗಾಳಿ ಅದುಮಲ್ಪಡದ ಕಾರಣ ಚಕ್ರವನ್ನು ಕೈಯಿಂದಲೇ ಸರಾಗವಾಗಿ ತಿರುಗಿಸಬಹುದು. ಬಿಚ್ಚಿದ ತಿರುಪುಗಳನ್ನೂ ನಟ್ಟುಗಳನ್ನೂ ಬಿಚ್ಚಿದ ಕ್ರಮದಲ್ಲಿಯೇ ಒಂದು ತಟ್ಟೆಯಲ್ಲಿ ಜೋಡಿಸಿಡುವುದು ಒಳ್ಳೆಯ ಅಭ್ಯಾಸ. ಬಿಚ್ಚುವಾಗ ಉಳಿಸಿದ ಐದು ನಿಮಿಷವನ್ನು ಜೋಡಿಸುವಾಗ ಐದು ಗಂಟೆ ಹುಡುಕಬೇಕಾಗಿ ಬರಬಾರದು.

ಬಲಬದಿಯ ಕವಚವನ್ನೂ ಅದರೊಳಗಿನ ಬೀಸಣಿಗೆಯ ಮುಚ್ಚಳವನ್ನೂ ತೆಗೆದಾಗ ರೆಕ್ಕೆಗಳಿಂದ ಕೂಡಿದ ಫ್ಲೈವೀಲ್ ಕಾಣಿಸುತ್ತದೆ. ಅದರ ನಡುವೆ ಒಂದು ನಟ್ಟಿದೆ. ನಟ್ಟನ್ನು ತಿರುಗಿಸಿದರೆ ಚಕ್ರವೂ ಜೊತೆಯಲ್ಲಿಯೇ ತಿರುಗುತ್ತದೆ; ಆದುದರಿಂದ ಚಕ್ರವನ್ನು ಹಿಡಿದು ನಿಲ್ಲಿಸಬೇಕು. ರೆಕ್ಕೆಗಳ ನಡುವೆ ಕಬ್ಬಿಣದ ಸಲಾಕೆಯನ್ನು ತುರುಕುವುದು ತಪ್ಪು. ಇದಕ್ಕೆಂದೇ ಇರುವ ಹಿಡಿಕೆಯನ್ನು ಅಥವಾ ಅಂಚನ್ನು ಸುತ್ತಿ ಬಿಗಿಯುವ ಪಟ್ಟಿಯ ಹಿಡಿಕೆಯನ್ನು ಬಳಸಬೇಕು. ಅಳತೆಗೆ ಸರಿಯಾಗಿ ಕೂರುವ ಪಾನಾದಿಂದ ನಟ್ಟನ್ನು ಸಡಿಲಿಸಬೇಕು. ನಟ್ಟುಗಳು ಸಾಮಾನ್ಯವಾಗಿ ಎಡಕ್ಕೆ ತಿರುಗಿಸಿದಾಗ ಬಿಚ್ಚಿಕೊಳ್ಳುತ್ತವೆ. ಆದರೆ ಕೆಲವು ಯಂತ್ರಗಳಲ್ಲಿ ಇದು ತಿರುವುಮುರುವಾಗಿರುವುದೂ ಉಂಟು. ಆದಕಾರಣ ಬಲಪ್ರಯೋಗಕ್ಕೆ ಮುನ್ನ ಆ ಯಂತ್ರದ ಕೈಪಿಡಿಯನ್ನು ನೋಡಿಕೊಳ್ಳುವುದು ಲೇಸು.

ನಟ್ಟು ಸಡಿಲವಾಯಿತು, ಆದರೂ ಚಕ್ರವು ಅಲುಗುವುದಿಲ್ಲ. ಆತುರಗಾರರು ಸುತ್ತಿಗೆಯನ್ನು ನೆನೆಯುವುದು ಇಲ್ಲಿಯೇ. ಚಕ್ರವು ಹೀಗೆ ಕಚ್ಚಿಕೊಂಡಿರಲು ಕಾರಣವೇನು? ಕ್ರ್ಯಾಂಕ್ ದಂಡದ ತುದಿಯು ಸಮನಾದ ಕೊಳವೆಯ ಆಕಾರದಲ್ಲಿಲ್ಲ. ತುದಿಯತ್ತ ಕ್ರಮೇಣ ಕಿರಿದಾಗುತ್ತ ಹೋಗುತ್ತದೆ. ಚಕ್ರದ ನಡುವಿನ ರಂಧ್ರವೂ ಹಾಗೆಯೇ ಇಳಿಜಾರಾಗಿದೆ. ಕೊಡಲಿಯ ಕಣ್ಣಿಗೆ ಕಾವನ್ನು ಬಿಗಿಯಾಗಿ ಕೂರಿಸಿದಾಗ ಅದು ಹೇಗೆ ಕಚ್ಚಿ ಹಿಡಿಯುತ್ತದೆಯೋ, ಹಾಗೆಯೇ ನಟ್ಟಿನ ಬಿಗಿತದಿಂದ ಈ ಎರಡು ಇಳಿಜಾರು ಮೈಗಳು ಒಂದನ್ನೊಂದು ಅಪ್ಪಿಕೊಳ್ಳುತ್ತವೆ. ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ದಾಟಿಸುವುದು ಈ ಘರ್ಷಣೆಯ ಹಿಡಿತವೇ. ದಂಡದ ಗಾಡಿಯಲ್ಲಿ ಅರ್ಧಚಂದ್ರಾಕೃತಿಯ ಒಂದು ಚಿಕ್ಕ ಕೀಲೂ ಇದೆ. ಅದರ ಕೆಲಸ ಭಾರವನ್ನು ಹೊರುವುದಲ್ಲ. ಆಯಸ್ಕಾಂತಗಳು ತಕ್ಕ ಸ್ಥಾನದಲ್ಲಿ ನಿಲ್ಲುವಂತೆ ಗುರುತು ಹಿಡಿಯುವುದು. ನಟ್ಟು ಸಡಿಲವಾಗಿ ಹಿಡಿತ ತಪ್ಪಿದರೆ ಈ ಕೀಲು ತುಂಡಾಗುತ್ತದೆ. ಆಗ ಕಿಡಿಯು ಹೊತ್ತಲ್ಲದ ಹೊತ್ತಿನಲ್ಲಿ ಹಾರಿ, ಇಂಜಿನ್ ಹೊತ್ತಿಕೊಳ್ಳುವುದಿಲ್ಲ.

ಈ ಹಿಡಿತವನ್ನು ಬಿಡಿಸುವ ಸಾಧನಕ್ಕೆ ಪುಲ್ಲರ್ ಎಂದು ಹೆಸರು. ಚಕ್ರದ ನಡುಭಾಗದಲ್ಲಿ ಕೊರೆದಿರುವ ಮರೆಗಳಿಗೆ ಪುಲ್ಲರಿನ ಮೈಯನ್ನು ಪೂರ್ತಿಯಾಗಿ ತಿರುಗಿಸಿ ಕೂರಿಸಬೇಕು. ಎರಡು ಮೂರು ಸುತ್ತು ಮಾತ್ರ ಕೂರಿಸಿ ಬಿಗಿದರೆ ಮರೆಗಳು ಕಿತ್ತುಹೋಗುತ್ತವೆ. ಬಳಿಕ ಪುಲ್ಲರಿನ ನಡುವಿನ ಬೋಲ್ಟನ್ನು ಬಿಗಿಯುತ್ತ ಹೋದರೆ, ಅದು ದಂಡದ ತುದಿಯನ್ನು ಒತ್ತುತ್ತದೆ. ದಂಡವು ಸರಿಯಲಾರದು, ಆದುದರಿಂದ ಚಕ್ರವು ಹೊರಗೆ ಬರಲೇಬೇಕು. ಬಿಗಿದ ಮೇಲೂ ಬಾರದಿದ್ದರೆ ಬೋಲ್ಟಿನ ತಲೆಯ ಮೇಲೆ ಹಗುರವಾಗಿ ತಟ್ಟಿ, ಮತ್ತೆ ಕೊಂಚ ಬಿಗಿಯಬೇಕು. ಒಮ್ಮೆಲೇ 'ಟಕ್' ಎಂಬ ಸದ್ದಿನೊಡನೆ ಚಕ್ರವು ಹಿಡಿತವನ್ನು ಬಿಡುತ್ತದೆ. ಆ ಗಳಿಗೆಗೆ ಕೈಗಳು ಸಿದ್ಧವಾಗಿರಬೇಕು. ಚಕ್ರವು ಕಾಲಿನ ಮೇಲೆ ಬೀಳಬಾರದು. ಕೆಲವು ಹಳೆಯ ಸ್ಕೂಟರುಗಳಲ್ಲಿ ನಟ್ಟಿನ ಹೊರಗೆ ಒಂದು ಉಂಗುರವಿದ್ದು, ನಟ್ಟೇ ಪುಲ್ಲರಿನ ಕೆಲಸವನ್ನು ಮಾಡುತ್ತದೆ. ಅಂತಹ ಕಡೆ ನಟ್ಟು ಮೊದಲು ಸಡಿಲವಾಗಿ, ಸ್ವಲ್ಪ ತಿರುಗಿದ ಮೇಲೆ ಮತ್ತೆ ಬಿಗಿಯಾಗುತ್ತದೆ. ಏನೋ ಕೆಟ್ಟಿತೆಂದು ಗಾಬರಿಗೊಳ್ಳಬೇಕಾಗಿಲ್ಲ. ನಟ್ಟು ಉಂಗುರವನ್ನು ಒತ್ತಿ ಚಕ್ರವನ್ನು ಹೊರಗೆಳೆಯುತ್ತಿದೆ ಎಂಬುದರ ಸೂಚನೆಯದು.

ಹೊರತೆಗೆದ ಚಕ್ರವನ್ನು ಶುಭ್ರವಾದ ಬಟ್ಟೆಯ ಮೇಲಿಡಬೇಕು. ಅದರ ಆಯಸ್ಕಾಂತಗಳು ಕಬ್ಬಿಣದ ಪುಡಿಯನ್ನೂ ಚಿಕ್ಕ ವಾಷರುಗಳನ್ನೂ ಸೆಳೆದುಕೊಳ್ಳುತ್ತವೆ. ಕಾಣದೆ ಒಳಗುಳಿದ ಒಂದು ತಿರುಪು ಇಂಜಿನ್ ತಿರುಗಿದೊಡನೆ ಸುರುಳಿಗಳನ್ನು ಸೀಳಿಹಾಕಬಲ್ಲದು. ಜೋಡಿಸುವಾಗ ದಂಡದ ಇಳಿಜಾರನ್ನೂ ಚಕ್ರದ ರಂಧ್ರವನ್ನೂ ಒರೆಸಿ, ಎಣ್ಣೆಯ ಪಸೆಯಿಲ್ಲದಂತೆ ಮಾಡಬೇಕು. ಏಕೆಂದರೆ ಅಲ್ಲಿ ಬೇಕಾದುದು ಜಾರುವಿಕೆಯಲ್ಲ, ಹಿಡಿತ. ಕೀಲು ತನ್ನ ಗಾಡಿಯಲ್ಲಿ ಸರಿಯಾಗಿ ಕುಳಿತಿರುವುದನ್ನು ಖಚಿತಪಡಿಸಿಕೊಂಡು, ಚಕ್ರವನ್ನೇರಿಸಿ, ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿತಕ್ಕೆ ನಟ್ಟನ್ನು ಬಿಗಿಯಬೇಕು. ಕೈಯಿಂದ ಕೆಲವು ಸುತ್ತು ತಿರುಗಿಸಿ, ಎಲ್ಲಿಯೂ ಉಜ್ಜುತ್ತಿಲ್ಲವೆಂದು ತಿಳಿದ ಮೇಲೆ ಮುಚ್ಚಳವನ್ನು ಹಾಕಬೇಕು. ಮುಚ್ಚಳವಿಲ್ಲದೆ ಇಂಜಿನ್ನನ್ನು ಎಂದಿಗೂ ಚಾಲನೆ ಮಾಡಕೂಡದು.

ಬಾವಿಯ ದಂಡೆಯ ಇಂಜಿನ್ನಿನ ಫ್ಲೈವೀಲ್ ಹೊರಗೇ ಇರುವುದರಿಂದ ಬಿಚ್ಚುವುದು ಸುಲಭವೆಂದು ತೋರುತ್ತದೆ. ಆದರೆ ಅದರ ತೂಕ ಬಹಳ. ಹಲವು ಇಂಜಿನ್ನುಗಳಲ್ಲಿ ದಂಡ ಮತ್ತು ಚಕ್ರಗಳ ನಡುವೆ ತಲೆಯುಳ್ಳ ಕಬ್ಬಿಣದ ಬೆಣೆಯನ್ನು ಬಡಿದು ಅದನ್ನು ಬಿಗಿದಿರುತ್ತಾರೆ. ಬೆಣೆಯ ತಲೆಗೂ ಚಕ್ರಕ್ಕೂ ನಡುವೆ ಮತ್ತೊಂದು ಇಳಿಜಾರು ಬೆಣೆಯನ್ನು ತೂರಿಸಿ ಅದನ್ನು ಹೊರಗೆಳೆಯಬೇಕು. ಅದಕ್ಕೂ ಮುನ್ನ ಚಕ್ರದಡಿಯಲ್ಲಿ ಮರದ ದಿಮ್ಮಿಗಳನ್ನಿಟ್ಟು, ಇಬ್ಬರು ಮೂವರು ಆಳುಗಳು ಜೊತೆಗಿರಬೇಕು. ಇಂಧನವನ್ನು ನಿಲ್ಲಿಸಿದ ಮೇಲೂ ಇಂತಹ ಚಕ್ರವು ಬಹಳ ಹೊತ್ತು ತಿರುಗುತ್ತಿರುತ್ತದೆ. ಅದು ತಾನಾಗಿ ನಿಲ್ಲುವವರೆಗೆ ಕಾಯಬೇಕೇ ಹೊರತು ಅದಕ್ಕೆ ಕೈಯೊಡ್ಡಬಾರದು. ಧೋತರದ ಅಂಚು, ಸೀರೆಯ ಸೆರಗು, ಹೆಗಲ ಮೇಲಿನ ವಲ್ಲಿ ಇವು ಹೊರಚಾಚಿದ ಬೆಣೆಗೆ ಸಿಲುಕಿದರೆ, ಬಿಡಿಸಿಕೊಳ್ಳುವ ಅವಕಾಶವನ್ನು ಚಕ್ರವು ಕೊಡುವುದಿಲ್ಲ. ಲೆಕ್ಕದಲ್ಲಿ ಕಂಡ ಆ ಸಾವಿರಾರು ಜೂಲ್ ಶಕ್ತಿಯು ಆಗ ಮನುಷ್ಯನ ಮೂಳೆಯ ಮೇಲೆ ವ್ಯಯವಾಗುತ್ತದೆ.

ಟ್ರ್ಯಾಕ್ಟರಿನದು ಇನ್ನೊಂದು ಬಗೆ. ಅಲ್ಲಿ ಫ್ಲೈವೀಲ್ ಇಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ, ಕ್ಲಚ್ಚಿನ ಹಿಂದೆ ಅಡಗಿದೆ. ಅದನ್ನು ತಲುಪಬೇಕಾದರೆ ಟ್ರ್ಯಾಕ್ಟರನ್ನೇ ನಡುವೆ ಎರಡು ಭಾಗವಾಗಿ ಬೇರ್ಪಡಿಸಬೇಕು. ತಕ್ಕ ಆಸರೆಗಳೂ ಭಾರವೆತ್ತುವ ಸಾಧನಗಳೂ ಇಲ್ಲದ ಅಂಗಳದಲ್ಲಿ ಇದನ್ನು ಮಾಡಹೊರಡುವುದು ಅವಿವೇಕ. ಅದರ ಅಂಚಿನಲ್ಲಿ ಹಲ್ಲುಗಳುಳ್ಳ ಉಕ್ಕಿನ ಉಂಗುರವೊಂದಿದೆ; ಸ್ಟಾರ್ಟರಿನ ಹಲ್ಲುಗಳು ಇದನ್ನು ಹಿಡಿದೇ ಇಂಜಿನ್ನನ್ನು ತಿರುಗಿಸುತ್ತವೆ. ಈ ಉಂಗುರವನ್ನು ಕಾಯಿಸಿ ಹಿಗ್ಗಿಸಿ ಚಕ್ರದ ಮೇಲೆ ಕೂರಿಸುತ್ತಾರೆ. ತಣಿದಾಗ ಅದು ಕುಗ್ಗಿ ಬಿಗಿಯಾಗುತ್ತದೆ. ಎತ್ತಿನ ಬಂಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ ತೊಡಿಸುತ್ತಿದ್ದ ಕಮ್ಮಾರನಿಗೆ ಈ ವಿದ್ಯೆ ಹೊಸದಲ್ಲ. ಹಳೆಯ ಕಸುಬಿನ ಜ್ಞಾನವು ಹೊಸ ಯಂತ್ರದಲ್ಲಿ ಮರುಹುಟ್ಟು ಪಡೆಯುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವಿದ್ಯುತ್ತಿನಿಂದ ಓಡುವ ವಾಹನಗಳು ಇಂದು ಬಳಕೆಗೆ ಬಂದಿವೆ. ಅವುಗಳಲ್ಲಿ ಹೊಡೆತಗಳೂ ಇಲ್ಲ, ಹೊಡೆತಗಳ ನಡುವಿನ ಬಿಡುವೂ ಇಲ್ಲ. ಆದುದರಿಂದ ಅಲ್ಲಿ ಫ್ಲೈವೀಲಿನ ಅಗತ್ಯವಿಲ್ಲ. ಹಾಗೆಂದು ಈ ಚಕ್ರದ ಕಾಲ ಮುಗಿಯಿತೆಂದು ಭಾವಿಸಬೇಕಾಗಿಲ್ಲ. ಗಾಳಿಯನ್ನು ತೆಗೆದ ಪೆಟ್ಟಿಗೆಗಳೊಳಗೆ, ಆಯಸ್ಕಾಂತದ ಬಲದಿಂದ ತೇಲುತ್ತ ತಿರುಗುವ ಚಕ್ರಗಳಲ್ಲಿ ವಿದ್ಯುಚ್ಛಕ್ತಿಯನ್ನು ಚಲನೆಯ ರೂಪದಲ್ಲಿ ಕೂಡಿಡುವ ವ್ಯವಸ್ಥೆಗಳು ಇಂದು ಬಳಕೆಯಲ್ಲಿವೆ. ಭೂಮಿಯನ್ನು ಸುತ್ತುವ ಉಪಗ್ರಹಗಳು ತಮ್ಮ ಮುಖವನ್ನು ಬೇಕಾದತ್ತ ತಿರುಗಿಸಿಕೊಳ್ಳುವುದು ಒಳಗಿರುವ ಇಂತಹ ಚಿಕ್ಕ ಚಕ್ರಗಳ ನೆರವಿನಿಂದಲೇ. ಕುಂಬಾರನ ತಿಗರಿಯ ತತ್ತ್ವವು ಹೀಗೆ ಅಂತರಿಕ್ಷವನ್ನೂ ಮುಟ್ಟಿದೆ.

ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆಗೆ ಅನತಿದೂರದ ಕಲ್ಯಾಣದಲ್ಲಿ ನೆರೆದ ಶರಣರು ಕೈಗೆಲಸಕ್ಕೆ ಕಾಯಕವೆಂದು ಹೆಸರಿತ್ತು, ಅದಕ್ಕೆ ಪೂಜೆಯ ಗೌರವವನ್ನು ಕೊಟ್ಟರು. ಅವರಲ್ಲಿ ತಿಗರಿಯನ್ನು ತಿರುಗಿಸುವ ಕುಂಬಾರನೂ ಇದ್ದನು. ಯಂತ್ರವನ್ನು ಬಿಚ್ಚಿ ಜೋಡಿಸುವ ಕೈಗೂ ಆ ಗೌರವ ಸಲ್ಲಬೇಕಾದುದೇ. ಆದರೆ ಕೈ ಮಾತ್ರ ದುಡಿದರೆ ಸಾಲದು; ಏಕೆ ಬಿಗಿಯಾಗಿದೆ, ಎಲ್ಲಿ ಹಿಡಿದಿದೆ, ಯಾವುದನ್ನು ಒತ್ತಿದರೆ ಯಾವುದು ಬಿಡುತ್ತದೆ ಎಂದು ಬುದ್ಧಿಯು ಮೊದಲು ಕೇಳಬೇಕು. ಸುತ್ತಿಗೆಯನ್ನು ಎತ್ತುವ ಮುನ್ನ ಈ ಪ್ರಶ್ನೆಗಳನ್ನು ಕೇಳಿಕೊಂಡವನಿಗೆ ಚಕ್ರವು ತಾನಾಗಿ ಬಿಟ್ಟುಕೊಡುತ್ತದೆ. ಅವನ ಸ್ಕೂಟರೂ ಉಳಿಯುತ್ತದೆ, ಬೆರಳುಗಳೂ ಉಳಿಯುತ್ತವೆ, ಬಿತ್ತನೆಯ ಹದವೂ ತಪ್ಪುವುದಿಲ್ಲ.